ಮೈಲ್ ಸರ್ವರಿನಲ್ಲಿ ಜಾಗ ಮುಗಿದಾಗ: ಅಳಿಸುವ ಮೊದಲು ಏನು ನೋಡಬೇಕು

ದೂರು ಬರುವುದು ಹೆಚ್ಚಾಗಿ ಹೀಗೆ: "ಅಣ್ಣಾ, ಮೈಲು ಹೋಗ್ತದೆ, ಬರುವುದಿಲ್ಲ. ಎಂತದೋ 452 ಅಂತ ಬರ್ತದೆ." ಕಾಸರಗೋಡಿನ ಕುಂಬಳೆಯಿಂದ ಮುಳ್ಳೇರಿಯದವರೆಗೆ ಸ್ವಂತ ಡೊಮೈನಿನ ಮೈಲ್ ಇಟ್ಟುಕೊಂಡಿರುವ ಸೊಸೈಟಿ, ಶಾಲೆ, ಪ್ರೆಸ್ಸುಗಳ ಸರ್ವರುಗಳನ್ನು ನೋಡಿಕೊಳ್ಳುವವರಿಗೆ ಈ ಮಾತು ಹೊಸದಲ್ಲ. ಆ ಮಾತು ಕೇಳಿದ ಕೂಡಲೇ ಯಾರೋ ಒಬ್ಬರು ಹಳೆಯ ಲಾಗ್ ಫೈಲುಗಳನ್ನು ಅಳಿಸಲು ಶುರುಮಾಡಿರುತ್ತಾರೆ. ಎರಡು ದಿನ ಎಲ್ಲ ಸರಿ ಇರುತ್ತದೆ, ಮೂರನೆಯ ದಿನ ಮತ್ತೆ ಅದೇ ದೂರು.

ಕಾರಣ ಇಷ್ಟೇ. "ಜಾಗ ಇಲ್ಲ", "ಮೆಮೊರಿ ಸಾಲದು" ಎಂಬ ಎರಡು ಸಂದೇಶಗಳ ಹಿಂದೆ ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ಕೊರತೆಗಳಿವೆ: ಡಿಸ್ಕಿನ ಬ್ಲಾಕುಗಳು (ಫೈಲಿನೊಳಗಿನದ್ದನ್ನು ಬರೆಯುವ ಜಾಗದ ತುಂಡುಗಳು), ಇನೋಡುಗಳು (ಪ್ರತಿ ಫೈಲಿನ ವಿವರ ಬರೆದಿಡುವ ದಾಖಲೆಗಳು), ನಿಜವಾದ ರ‍್ಯಾಮ್, ಮತ್ತು ಒಂದೊಂದು ಪ್ರೋಗ್ರಾಮಿಗೆ ನಾವೇ ಹಾಕಿಟ್ಟ ವರ್ಚುವಲ್ ಮೆಮೊರಿಯ ಮಿತಿ. ಮುಗಿದದ್ದು ಯಾವುದು ಎಂದು ಗೊತ್ತಾಗದೆ ಏನನ್ನೂ ಅಳಿಸಬಾರದು.

ಇಲ್ಲಿ ಹೇಳುವುದೆಲ್ಲ ಡೆಬಿಯನ್ ಅಥವಾ ಉಬುಂಟು ಮೇಲೆ ಪೋಸ್ಟ್‌ಫಿಕ್ಸ್ (ಪತ್ರಗಳನ್ನು ಪಡೆದು ಕಳುಹಿಸುವ ಪ್ರೋಗ್ರಾಮ್), ಡವ್‌ಕಾಟ್ (ಬಳಕೆದಾರರ ಮೈಲ್‌ಬಾಕ್ಸ್ ನೋಡಿಕೊಳ್ಳುವುದು), ಕ್ಲ್ಯಾಮ್‌ಎವಿ (ವೈರಸ್ ಸ್ಕ್ಯಾನರ್) ಹಾಕಿದ ಸಣ್ಣ ಯಂತ್ರದ ಬಗ್ಗೆ. ನಾಲ್ಕು ಜಿಬಿ ರ‍್ಯಾಮ್, ನಲವತ್ತು ಜಿಬಿ ಡಿಸ್ಕ್ ಎಂದಿಟ್ಟುಕೊಳ್ಳಿ. ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಮೊದಲು ಗಾಬರಿ ಬಿಡಿ

452 ಎಂಬುದು ತಾತ್ಕಾಲಿಕ ನಿರಾಕರಣೆ. ನಾಲ್ಕರಿಂದ ಶುರುವಾಗುವ ಉತ್ತರ ಸಿಕ್ಕಿದರೆ ಕಳುಹಿಸಿದ ಕಡೆಯ ಸರ್ವರ್ ಪತ್ರವನ್ನು ತನ್ನ ಕ್ಯೂನಲ್ಲೇ (ರವಾನೆಗೆ ಕಾಯುವ ಸಾಲಿನಲ್ಲೇ) ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ ನಾಲ್ಕೈದು ದಿನ ಪ್ರಯತ್ನಿಸಬೇಕು ಎಂಬುದು ಮೈಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯ ಸಲಹೆ. ಪೋಸ್ಟ್‌ಫಿಕ್ಸ್‌ನ ಮೂಲ ಅವಧಿಯೂ ಐದು ದಿನವೇ. ಹಾಗಾಗಿ ಪತ್ರ ಕಳೆದುಹೋಗಿಲ್ಲ, ತಡವಾಗಿದೆ. ಐದರಿಂದ ಶುರುವಾಗುವ ಉತ್ತರ, ಉದಾಹರಣೆಗೆ 552, ಹೋಗಿದ್ದರೆ ಮಾತ್ರ ಪತ್ರ ಕಳುಹಿಸಿದವರಿಗೇ ವಾಪಸಾಗಿರುತ್ತದೆ. ಸೆಕ್ರೆಟರಿಗೆ ಫೋನಿನಲ್ಲಿ ಮೊದಲು ಹೇಳಬೇಕಾದದ್ದು ಇದನ್ನೇ. ಇಲ್ಲದಿದ್ದರೆ ಅವರು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕರೆ ಮಾಡುತ್ತಾರೆ, ನಿಮಗೆ ಕೆಲಸ ಮಾಡಲು ಬಿಡುವುದಿಲ್ಲ.

ಆಮೇಲೆ ನಾಲ್ಕು ಕಮಾಂಡು ಓಡಿಸಿ, ಬಂದ ಉತ್ತರವನ್ನು ಒಂದು ಕಡೆ ಉಳಿಸಿಕೊಳ್ಳಿ: ಡಿಎಫ್ -ಎಚ್, ಡಿಎಫ್ -ಐ, ಫ್ರೀ -ಎಂ, ಮತ್ತು ಡಿಮೆಸೇಜ್‌ನ ಕೊನೆಯ ಐವತ್ತು ಸಾಲು. ಮೊದಲನೆಯದರಲ್ಲಿ ನೂರು ಶೇಕಡಾ ಕಂಡರೆ ಬ್ಲಾಕುಗಳ ಕೊರತೆ, ಎರಡನೆಯದರಲ್ಲಿ ಕಂಡರೆ ಇನೋಡುಗಳ ಕೊರತೆ. ಡಿಮೆಸೇಜ್‌ನಲ್ಲಿ "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್" ಎಂಬ ಸಾಲಿದ್ದರೆ ರ‍್ಯಾಮ್ ಮುಗಿದು ಕರ್ನಲ್ಲೇ (ಲಿನಕ್ಸ್‌ನ ತಿರುಳು) ಯಾವುದೋ ಪ್ರೋಗ್ರಾಮನ್ನು ಕೊಂದಿದೆ. ನಾಲ್ಕರಲ್ಲೂ ಏನೂ ಕಾಣದೆ, ಡವ್‌ಕಾಟ್‌ನ ಲಾಗಿನಲ್ಲಿ ಮಾತ್ರ "ಔಟ್ ಆಫ್ ಮೆಮೊರಿ" ಇದ್ದರೆ ಅದು ವರ್ಚುವಲ್ ಮೆಮೊರಿ ಮಿತಿಯ ಕಥೆ. ಅದಕ್ಕೆ ಕೊನೆಯಲ್ಲಿ ಬರೋಣ.

ಇನ್ನೊಂದು ಸಾಧ್ಯತೆಯನ್ನು ಇಲ್ಲೇ ಬದಿಗಿಡಬಹುದು. ಗುಡುಗು ಮಳೆಗೆ ಕರೆಂಟು ನಾಲ್ಕು ಸಲ ಹೋಗಿ ಬಂದ ಮರುದಿನ ಬರುವ ದೂರಿನಲ್ಲಿ ಡಿಸ್ಕ್ ತುಂಬಿರುವುದೇ ಇಲ್ಲ; ಫೈಲ್ ಸಿಸ್ಟಮ್ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿರುತ್ತದೆ. ಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್) ತನ್ನೊಳಗೆ ದೋಷ ಕಂಡಾಗ ಹೀಗೆ ಬಾಗಿಲು ಹಾಕಿಕೊಳ್ಳುವಂತೆ ಹೇಳಿಟ್ಟಿರುತ್ತೇವೆ. ಲಾಗಿನಲ್ಲಿ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಇರದೆ "ರೀಡ್ ಓನ್ಲಿ ಫೈಲ್ ಸಿಸ್ಟಮ್" ಇರುತ್ತದೆ. ಅದಕ್ಕೆ ಮದ್ದು ಬೇರೆ: ಬ್ಯಾಕಪ್ ಇದೆಯೆಂದು ಖಾತ್ರಿ ಮಾಡಿಕೊಂಡು, ಆ ಪಾರ್ಟಿಷನ್ನನ್ನು ಅನ್‌ಮೌಂಟ್ ಮಾಡಿ, ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಬೇಕು.

ಡಿಸ್ಕಿನಲ್ಲಿ ಜಾಗ ಇದ್ದರೂ 452 ಏಕೆ?

ಪೋಸ್ಟ್‌ಫಿಕ್ಸ್ ಒಂದು ಪತ್ರವನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಕ್ಯೂ ಇರುವ ಪಾರ್ಟಿಷನ್ನಿನಲ್ಲಿ ಉಳಿದ ಜಾಗ ನೋಡುತ್ತದೆ. ಒಂದು ಪತ್ರಕ್ಕೆ ನೀವು ಕೊಟ್ಟ ಗರಿಷ್ಠ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಇದ್ದರೆ ಬಾಗಿಲಲ್ಲೇ 452 ಹೇಳಿ ಕಳುಹಿಸುತ್ತದೆ. ಬರುವ ಪತ್ರ ಎರಡು ಸಾಲಿನದ್ದಾದರೂ ಲೆಕ್ಕ ಅದೇ. ಮೆಸೇಜ್ ಸೈಜ್ ಲಿಮಿಟ್‌ನ ಮೂಲ ಬೆಲೆ 1,02,40,000 ಬೈಟ್. ಅಂದರೆ ಸುಮಾರು ಹದಿನೈದು ಎಂಬಿ ಖಾಲಿ ಇದ್ದರೆ ಸಾಕು. ಆದರೆ ಯಾರೋ "ದೊಡ್ಡ ಫೈಲ್ ಹೋಗುವುದಿಲ್ಲ" ಎಂದು ಗೊಣಗಿದರೆಂದು ಅದನ್ನು ಒಂದು ಜಿಬಿಗೆ ಏರಿಸಿಟ್ಟಿದ್ದರೆ? ಒಂದೂವರೆ ಜಿಬಿಗಿಂತ ಕಡಿಮೆ ಉಳಿದ ಕ್ಷಣವೇ ಸರ್ವರ್ ಬಾಗಿಲು ಹಾಕುತ್ತದೆ, ಡಿಎಫ್ ಮಾತ್ರ ಇನ್ನೂ ಒಂದು ಚಿಲ್ಲರೆ ಜಿಬಿ ಖಾಲಿ ತೋರಿಸುತ್ತಿರುತ್ತದೆ. ಮೈಲ್ ಲಾಗಿನಲ್ಲಿ "ನಾಟ್ ಇನಫ್ ಫ್ರೀ ಸ್ಪೇಸ್ ಇನ್ ಮೈಲ್ ಕ್ಯೂ" ಎಂಬ ಎಚ್ಚರಿಕೆಯ ಸಾಲಿನಲ್ಲಿ ಈ ಒಂದೂವರೆಯ ಲೆಕ್ಕವೂ ಬರೆದಿರುತ್ತದೆ. ಅದನ್ನು ಕೊನೆಯವರೆಗೆ ಓದುವವರು ಕಡಿಮೆ.

ಗಾತ್ರದ ಮಿತಿ ಎಷ್ಟಿರಬೇಕು ಎಂಬುದಕ್ಕೆ ನನ್ನ ಉತ್ತರ: ಮೂವತ್ತು ಎಂಬಿ ಸಾಕು. ಅಟ್ಯಾಚ್‌ಮೆಂಟುಗಳು ಬೇಸ್64 (ಫೈಲನ್ನು ಬರೀ ಅಕ್ಷರಗಳಾಗಿ ಬದಲಿಸುವ ಪದ್ಧತಿ) ರೂಪದಲ್ಲಿ ಹೋಗುವುದರಿಂದ ಮೂರು ಬೈಟು ನಾಲ್ಕಾಗುತ್ತದೆ, ಸಾಲು ಮುರಿಯುವ ಗುರುತುಗಳೂ ಸೇರುತ್ತವೆ. ಇಪ್ಪತ್ತು ಎಂಬಿಯ ಪಿಡಿಎಫ್ ತಂತಿಯ ಮೇಲೆ ಇಪ್ಪತ್ತೇಳೂವರೆ ಎಂಬಿಯ ಹತ್ತಿರ ಬರುತ್ತದೆ. ಅದಕ್ಕಿಂತ ದೊಡ್ಡದನ್ನು ಮೈಲಿನಲ್ಲಿ ಕಳುಹಿಸುವುದು ಬೇಡ, ಲಿಂಕ್ ಕೊಡಲಿ.

ಎಕ್ಸ್‌ಟಿ4 ಪಾರ್ಟಿಷನ್ ಮಾಡುವಾಗ ಶೇಕಡಾ ಐದನ್ನು ರೂಟ್ ಎಂಬ ಎಲ್ಲ ಅಧಿಕಾರದ ಬಳಕೆದಾರನಿಗೆಂದು ಕಾದಿರಿಸುತ್ತದೆ. ನಲವತ್ತು ಜಿಬಿಯಲ್ಲಿ ಎರಡು ಜಿಬಿ. ರೂಟ್ ಆಗಿ ಲಾಗಿನ್ ಆದ ನಿಮಗೆ ಫೈಲ್ ಬರೆಯಲು ಬರುತ್ತದೆ, ಪೋಸ್ಟ್‌ಫಿಕ್ಸ್‌ಗೆ ಬರುವುದಿಲ್ಲ. "ನನಗೆ ಬರ್ತದಲ್ಲ ಮಾರಾಯ್ರೆ" ಎಂಬ ವಾದ ಹುಟ್ಟುವುದು ಇಲ್ಲಿ. ಮೈಲ್ ಮಾತ್ರ ಇರುವ ಪ್ರತ್ಯೇಕ ಪಾರ್ಟಿಷನ್ ಆದರೆ ಟ್ಯೂನ್2ಎಫ್‌ಎಸ್ -ಎಂ 1 ಎಂದು ಕೊಟ್ಟು ಅದನ್ನು ಶೇಕಡಾ ಒಂದಕ್ಕೆ ಇಳಿಸಬಹುದು. ಮೂಲ (ರೂಟ್, /) ಪಾರ್ಟಿಷನ್ನಿನಲ್ಲಿ ಇದನ್ನು ಮುಟ್ಟಬೇಡಿ. ತುಂಬಿ ತುಳುಕುವ ಹೊತ್ತಿಗೆ ನೀವು ಒಳಗೆ ಬಂದು ಏನಾದರೂ ಮಾಡಲು ಸಾಧ್ಯವಾಗುವುದೇ ಆ ಐದು ಶೇಕಡಾದಿಂದ.

ಇನೋಡ್ ಮುಗಿದರೆ

ಗೋದಾಮಿನಲ್ಲಿ ಜಾಗ ಬೇಕಾದಷ್ಟಿದೆ, ದಾಸ್ತಾನು ಪುಸ್ತಕದಲ್ಲಿ ಬರೆಯಲು ಪುಟ ಇಲ್ಲ: ಇನೋಡ್ ಮುಗಿಯುವುದೆಂದರೆ ಹಾಗೆ. ಎಕ್ಸ್‌ಟಿ4 ಸಾಮಾನ್ಯವಾಗಿ ಪ್ರತಿ 16,384 ಬೈಟಿಗೆ ಒಂದು ಇನೋಡ್ ಎಂದು ಮೊದಲೇ ಹಂಚಿಡುತ್ತದೆ. ನಲವತ್ತು ಜಿಬಿಗೆ ಸುಮಾರು ಇಪ್ಪತ್ತಾರು ಲಕ್ಷ. ಮೈಲ್‌ಡಿರ್ ಪದ್ಧತಿಯಲ್ಲಿ ಒಂದು ಪತ್ರಕ್ಕೆ ಒಂದು ಫೈಲು; ಸರಾಸರಿ ಪತ್ರ ಹದಿನಾರು ಕೆಬಿಗಿಂತ ಸಣ್ಣದಿದ್ದರೆ ಬ್ಲಾಕುಗಳಿಗಿಂತ ಮೊದಲು ಇನೋಡುಗಳೇ ಮುಗಿಯುತ್ತವೆ. ಆಗಲೂ ಬರುವ ಸಂದೇಶ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಎಂದೇ. ಡಿಎಫ್ -ಎಚ್ ಮಾತ್ರ ನೋಡಿದವರು ಅರ್ಧ ಖಾಲಿ ಡಿಸ್ಕನ್ನು ನೋಡುತ್ತಾ ಕೂರುತ್ತಾರೆ.

ಡಿಯು --ಇನೋಡ್ಸ್ -ಎಕ್ಸ್ ಎಂದು ಓಡಿಸಿ ಸಾರ್ಟ್ ಮಾಡಿದರೆ ಯಾವ ಫೋಲ್ಡರಿನಲ್ಲಿ ಫೈಲುಗಳ ರಾಶಿ ಇದೆಯೆಂದು ತಿಳಿಯುತ್ತದೆ. ನನ್ನ ಅನುಭವದಲ್ಲಿ ಅದು ಬಳಕೆದಾರರ ಇನ್‌ಬಾಕ್ಸ್ ಆಗಿರುವುದು ಅಪರೂಪ. ಹೆಚ್ಚಾಗಿ ರೂಟ್‌ನ ಮೈಲ್‌ಬಾಕ್ಸ್. ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಡುವ ಸ್ಕ್ರಿಪ್ಟ್ ಒಂದು ಸಾಲು ಏನಾದರೂ ಮುದ್ರಿಸಿದರೆ ಕ್ರಾನ್ ಅದನ್ನು ಮೈಲ್ ಮಾಡುತ್ತದೆ: ದಿನಕ್ಕೆ 288, ವರ್ಷಕ್ಕೆ ಲಕ್ಷದ ಮೇಲೆ. ಯಾರೂ ತೆರೆದು ನೋಡದ ಪತ್ರಗಳು. ಸ್ಕ್ರಿಪ್ಟಿನ ಬಾಯಿ ಮುಚ್ಚಿಸಿ, ಆಮೇಲೆ ಆ ಪತ್ರಗಳನ್ನು ತೆಗೆಯಿರಿ. ಎರಡನೆಯ ಸಂಶಯ ವೈರಸ್ ಪತ್ರಗಳನ್ನು ಎತ್ತಿಡುವ ಕ್ವಾರಂಟೈನ್ ಫೋಲ್ಡರಿನ ಮೇಲೆ.

ಈಗಿರುವ ಎಕ್ಸ್‌ಟಿ4 ಪಾರ್ಟಿಷನ್ನಿಗೆ ಇನೋಡ್ ಮಾತ್ರ ಹೆಚ್ಚಿಸಲು ಬರುವುದಿಲ್ಲ. ಪಾರ್ಟಿಷನ್ನನ್ನೇ ದೊಡ್ಡದು ಮಾಡಬೇಕು, ಇಲ್ಲವೇ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಹೊಸ ಸರ್ವರ್ ಕಟ್ಟುವಾಗ ಮೈಲಿಗೆ ಎಕ್ಸ್‌ಎಫ್‌ಎಸ್ ಹಾಕಿದರೆ ಈ ತಾಪತ್ರಯ ಇಲ್ಲ, ಅದು ಇನೋಡುಗಳನ್ನು ಬೇಕಾದ ಹಾಗೆ ಮಾಡಿಕೊಳ್ಳುತ್ತದೆ.

ಡಿಎಫ್ ಒಂದು ಹೇಳುತ್ತದೆ, ಡಿಯು ಇನ್ನೊಂದು

ಡಿಎಫ್ ಪ್ರಕಾರ ಮೂವತ್ತೊಂಬತ್ತು ಜಿಬಿ ತುಂಬಿದೆ. ಫೋಲ್ಡರುಗಳನ್ನು ಒಂದೊಂದಾಗಿ ಎಣಿಸುವ ಡಿಯು -ಎಕ್ಸ್ ಕೂಡಿಸಿದರೆ ಇಪ್ಪತ್ತೆರಡು ಮಾತ್ರ. ಉಳಿದ ಹದಿನೇಳು ಎಲ್ಲಿ? ಈ ಪ್ರಶ್ನೆಗೆ ಎರಡೇ ಸಾಮಾನ್ಯ ಉತ್ತರಗಳಿವೆ.

ಒಂದು, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮ್ ಇನ್ನೂ ತೆರೆದಿಟ್ಟುಕೊಂಡಿದೆ. ಲಿನಕ್ಸ್‌ನಲ್ಲಿ ಆರ್‌ಎಂ (ಅಳಿಸುವ ಕಮಾಂಡು) ಮಾಡಿದರೆ ಹೆಸರು ಹೋಗುತ್ತದೆ. ತೆರೆದವರು ಮುಚ್ಚುವವರೆಗೆ ಜಾಗ ವಾಪಸು ಬರುವುದಿಲ್ಲ. ಎಂಟು ಜಿಬಿಯ ಮೈಲ್ ಲಾಗನ್ನು ಅಳಿಸಿದರೂ ಡಿಎಫ್ ಕದಲದೇ ಇರುವುದು ಇದಕ್ಕೇ. ಎಲ್‌ಎಸ್‌ಓಎಫ್ +ಎಲ್1 ಎಂದು ಕೊಡಿ, ಆ ಎಲ್ ಮಾತ್ರ ದೊಡ್ಡಕ್ಷರ. ಅಳಿಸಿದರೂ ತೆರೆದೇ ಇರುವ ಫೈಲುಗಳ ಪಟ್ಟಿ ಬರುತ್ತದೆ. ಆ ಸರ್ವಿಸನ್ನು ಮರುಚಾಲೂ ಮಾಡಿದರೆ ಜಾಗ ಸಿಗುತ್ತದೆ. ಮುಂದಿನ ಸಲ ಓಡುತ್ತಿರುವ ಲಾಗನ್ನು ಅಳಿಸಬೇಡಿ, ಟ್ರಂಕೇಟ್ -ಎಸ್ 0 ಎಂದು ಬರಿದು ಮಾಡಿ. ಸರ್ವಿಸುಗಳನ್ನು ನಡೆಸುವ ಸಿಸ್ಟಮ್‌ಡಿಯ ಸ್ವಂತ ಲಾಗ್ ಆದ ಜರ್ನಲ್ ಬೇರೆಯೇ ಜಾಗದಲ್ಲಿ ಬೆಳೆಯುತ್ತಿರುತ್ತದೆ, ತಾನಾಗಿಯೇ ಪಾರ್ಟಿಷನ್ನಿನ ಶೇಕಡಾ ಹತ್ತು ಅಥವಾ ನಾಲ್ಕು ಜಿಬಿ, ಯಾವುದು ಕಡಿಮೆಯೋ ಅಲ್ಲಿವರೆಗೆ. ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=500ಎಂ ಕೊಟ್ಟರೆ (ಎಂ ದೊಡ್ಡಕ್ಷರ) ಅಪಾಯವಿಲ್ಲದೆ ಜಾಗ ಸಿಗುತ್ತದೆ. ತುರ್ತಿಗೆ ಮೊದಲು ಕೈ ಹಾಕಬಹುದಾದದ್ದು ಇದೇ.

ಎರಡನೆಯದು ನಮ್ಮ ಕಡೆಯ ಸಣ್ಣ ಆಫೀಸುಗಳಲ್ಲಿ ಬಹಳ ನೋಡಲು ಸಿಗುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಯಾಕಪ್‌ಗೆ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಇರುತ್ತದೆ. ಅದು /ಬ್ಯಾಕಪ್ ಎಂಬ ಫೋಲ್ಡರಿಗೆ ಮೌಂಟ್ ಆಗುತ್ತದೆ (ಅಂದರೆ ಆ ಫೋಲ್ಡರಿನಲ್ಲಿ ಆ ಡಿಸ್ಕೇ ಕಾಣುತ್ತದೆ), ರಾತ್ರಿ ಎರಡು ಗಂಟೆಗೆ ಆರ್‌ಸಿಂಕ್ ಎಲ್ಲ ಮೈಲನ್ನೂ ಅಲ್ಲಿಗೆ ನಕಲಿಸುತ್ತದೆ. ಒಂದು ದಿನ ಯಾರೋ ಪ್ರಿಂಟರ್ ಸಿಕ್ಕಿಸಲು ಆ ಡಿಸ್ಕಿನ ವೈರ್ ತೆಗೆಯುತ್ತಾರೆ, ಅಥವಾ ಸಿಡಿಲಿನ ಹೆದರಿಕೆಗೆ ಎಲ್ಲ ವೈರ್ ಕಿತ್ತು, ಬೆಳಿಗ್ಗೆ ಒಂದನ್ನು ಸಿಕ್ಕಿಸಲು ಮರೆಯುತ್ತಾರೆ. /ಬ್ಯಾಕಪ್ ಫೋಲ್ಡರ್ ಆಗಲೂ ಇದೆ, ಆದರೆ ಈಗ ಅದು ಮೂಲ ಡಿಸ್ಕಿನದ್ದೇ ಒಂದು ಖಾಲಿ ಫೋಲ್ಡರ್. ಆರ್‌ಸಿಂಕ್‌ಗೆ ಅದೆಲ್ಲ ಗೊತ್ತಿಲ್ಲ. ಅದು ನಿಷ್ಠೆಯಿಂದ ಪೂರ್ತಿ ಮೈಲನ್ನು ಅದೇ ಡಿಸ್ಕಿಗೆ ಇನ್ನೊಂದು ಪ್ರತಿ ಬರೆಯುತ್ತದೆ. ಡಿಸ್ಕ್ ತುಂಬುತ್ತದೆ. ಮರುದಿನ ಯಾರೋ ನೋಡಿ ಯುಎಸ್‌ಬಿ ಮತ್ತೆ ಸಿಕ್ಕಿಸುತ್ತಾರೆ, ಅದು ಆ ಫೋಲ್ಡರಿನ ಮೇಲೆ ಮೌಂಟ್ ಆಗುತ್ತದೆ, ಕೆಳಗಿನ ಹದಿನೇಳು ಜಿಬಿ ಕಣ್ಣಿಗೂ ಡಿಯುಗೂ ಕಾಣದಂತೆ ಮುಚ್ಚಿಹೋಗುತ್ತದೆ.

ಇದನ್ನು ನೋಡಲು ಮೌಂಟ್ --ಬೈಂಡ್ / /ಎಂಎನ್‌ಟಿ ಎಂದು ಕೊಟ್ಟು, /ಎಂಎನ್‌ಟಿ/ಬ್ಯಾಕಪ್ ಒಳಗೆ ಡಿಯು ಓಡಿಸಿ. ಮೂಲ ಪಾರ್ಟಿಷನ್ ಮೇಲೆ ಏನೂ ಮುಚ್ಚದೆ ಕಾಣುತ್ತದೆ. ಅಡಗಿದ್ದ ಪ್ರತಿಯನ್ನು ಅಲ್ಲಿಂದಲೇ ಅಳಿಸಿ, ಆದರೆ ಅಳಿಸುವ ಮುಂಚೆ ಪಾತ್ ಅನ್ನು ಎರಡು ಸಲ ಓದಿ. ಮತ್ತೆ ಆಗದಂತೆ ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್ ಪರೀಕ್ಷೆ ಇಡಿ. ಮೌಂಟ್ ಆಗಿರದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ. ಯುಎಸ್‌ಬಿ ಇಲ್ಲದಿರುವಾಗ ಆ ಖಾಲಿ ಫೋಲ್ಡರಿಗೆ ಸಿಎಚ್‌ಎಟಿಟಿಆರ್ +ಐ ಹಾಕಿಟ್ಟರೆ ರೂಟ್‌ಗೂ ಅದರಲ್ಲಿ ಬರೆಯಲು ಬರುವುದಿಲ್ಲ. ಎರಡನ್ನೂ ಮಾಡುವುದು ಒಳ್ಳೆಯದು. ವೈರ್ ತೆಗೆಯುವವರನ್ನು ತಿದ್ದಲಾಗದು.

ನಿಜಕ್ಕೂ ಮೈಲೇ ತುಂಬಿದ್ದರೆ

ಕೆಲವರು ಹೇಳುತ್ತಾರೆ, ಕನ್ನಡದಲ್ಲಿ ಬರೆದರೆ ಜಾಗ ಜಾಸ್ತಿ ಬೇಕು, ಅದಕ್ಕೇ ಸರ್ವರ್ ತುಂಬುತ್ತದೆ ಎಂದು. ಲೆಕ್ಕ ಹಾಕಿ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. ಬೇಸ್64ರಲ್ಲಿ ಅದು ನಾಲ್ಕಾಗುತ್ತದೆ, ಅಂಥದ್ದೇ ಇನ್ನೊಂದು ಪದ್ಧತಿ ಕ್ವೋಟೆಡ್ ಪ್ರಿಂಟೆಬಲ್ ಆದರೆ ಒಂಬತ್ತು. ಸಾವಿರ ಸಂಕೇತಗಳ ಪತ್ರಕ್ಕೆ ಹೆಚ್ಚೆಂದರೆ ಒಂಬತ್ತು ಕೆಬಿ. ಮೊಬೈಲಿನಲ್ಲಿ ತೆಗೆದ ಒಂದು ರಶೀದಿಯ ಫೋಟೊ ನಾಲ್ಕು ಎಂಬಿ. ಆರೋಪಿ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಗಡಿನಾಡಿನ ಆಫೀಸುಗಳಲ್ಲಿ ಒಂದೇ ಸುತ್ತೋಲೆ ಮಲಯಾಳದಲ್ಲೊಂದು, ಕನ್ನಡದಲ್ಲೊಂದು ಸ್ಕ್ಯಾನ್ ಆಗಿ ಬರುತ್ತದೆ. ಅದನ್ನು ಎಲ್ಲ ಸದಸ್ಯರಿಗೂ ಫಾರ್ವರ್ಡ್ ಮಾಡಿದಾಗ ಕಳುಹಿಸಿದವರ ಸೆಂಟ್ ಫೋಲ್ಡರಿನಲ್ಲೂ, ಪಡೆದವರೆಲ್ಲರ ಇನ್‌ಬಾಕ್ಸಿನಲ್ಲೂ ಒಂದೊಂದು ಪ್ರತಿ ಕೂರುತ್ತದೆ. ಮಾರ್ಚ್ ಕೊನೆಗೆ ಆಡಿಟ್ ಕಾಗದಗಳ ಓಡಾಟದಲ್ಲಿ ಡಿಸ್ಕಿನ ಗ್ರಾಫ್ ಒಮ್ಮೆಲೇ ಏರುವುದು ಹೀಗೆ.

ಯಾರ ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ನೋಡಲು ಡವ್‌ಕಾಟ್ ಜತೆಗೇ ಬರುವ ಡವ್‌ಆಡ್ಮ್ ಇದೆ. ಅದರ ಮೈಲ್‌ಬಾಕ್ಸ್ ಸ್ಟೇಟಸ್‌ಗೆ ವಿಸೈಜ್ (ಪತ್ರಗಳ ಒಟ್ಟು ಗಾತ್ರ) ಕೇಳಿ. ಡಿಯುನಿಂದಲೇ ನೋಡುವುದಾದರೆ ಇಲ್ಲಿ ಒಂದು ಗಮ್ಮತ್ತು ಕಾದಿದೆ. ಫೋಲ್ಡರಿಗೆ "ಅಡಿಕೆ ಧಾರಣೆ" ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದರೆ ಡಿಸ್ಕಿನ ಮೇಲೆ ಆ ಹೆಸರು ಕಾಣುವುದಿಲ್ಲ. ಸರ್ವರಿನಲ್ಲಿರುವ ಮೈಲನ್ನು ಓದುವ ಐಮ್ಯಾಪ್‌ನ ಹಳೆಯ ಪದ್ಧತಿಯಂತೆ ಅದು ತಿದ್ದಿದ ಯುಟಿಎಫ್-7ರಲ್ಲಿ ಇರುತ್ತದೆ: ಮೊದಲು ಚುಕ್ಕೆ, ಆಮೇಲೆ ಆಂಪರ್ಸಾಂಡ್ ಗುರುತು, ಆಮೇಲೆ ಇಂಗ್ಲಿಷ್ ಅಕ್ಷರಗಳ ಒಂದು ಸಾಲು, ಕೊನೆಗೆ ಅಡ್ಡಗೆರೆ. ಇದನ್ನು ಕಸವೆಂದು ತಿಳಿದು ಅಳಿಸುವವರಿದ್ದಾರೆ! ಗುರುತಿಸುವುದು ಸುಲಭ. ಆಂಪರ್ಸಾಂಡ್ ಆದ ಮೇಲೆ ದೊಡ್ಡಕ್ಷರದ ಡಿ ಇದ್ದು, ಅದರ ಮುಂದಿನದು ಐ, ಜೆ, ಕೆ, ಎಲ್ ಇವುಗಳಲ್ಲೊಂದಾದರೆ ಹೆಸರು ಕನ್ನಡದಲ್ಲಿ ಶುರುವಾಗಿದೆ. ಕ್ಯೂ, ಆರ್, ಎಸ್, ಟಿ ಆದರೆ ಮಲಯಾಳದಲ್ಲಿ. ಯುನಿಕೋಡ್ ಪಟ್ಟಿಯಲ್ಲಿ ಎರಡೂ ಲಿಪಿಗಳು ಅಕ್ಕಪಕ್ಕ ಇರುವುದರಿಂದ ಹೀಗಾಗುತ್ತದೆ. ಇನ್ನೊಂದು ಎಚ್ಚರ: ಶೆಲ್ ಆಂಪರ್ಸಾಂಡನ್ನು ಕಂಡರೆ "ಇದನ್ನು ಹಿನ್ನೆಲೆಯಲ್ಲಿ ಓಡಿಸು" ಎಂದು ತಿಳಿದು ಕಮಾಂಡನ್ನು ಅಲ್ಲೇ ತುಂಡು ಮಾಡುತ್ತದೆ. ಆರ್‌ಎಂ -ಆರ್‌ಎಫ್ ಜತೆ ಹೀಗಾದರೆ ತುಂಡಾದ ಪಾತ್ ಯಾವುದನ್ನು ಅಳಿಸೀತು ಎಂದು ಯೋಚಿಸಿ ನೋಡಿ. ಇಂಥ ಹೆಸರುಗಳನ್ನು ಯಾವಾಗಲೂ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

ಮೈಲ್ ತೆಗೆಯಲು ಆರ್‌ಎಂ ಬೇಡವೇ ಬೇಡ. ಇಂಡೆಕ್ಸು, ಕೋಟಾದ (ಒಬ್ಬೊಬ್ಬರಿಗೆ ಕೊಟ್ಟ ಜಾಗದ ಮಿತಿಯ) ಲೆಕ್ಕ ಎರಡೂ ತಪ್ಪುತ್ತವೆ. ಎಂಡಿಬಾಕ್ಸ್ ಪದ್ಧತಿಯಾದರೆ ಒಂದೇ ಫೈಲಿನಲ್ಲಿ ಹಲವು ಪತ್ರಗಳಿರುವುದರಿಂದ ಬೇರೆಯದೂ ಹೋಗುತ್ತದೆ. ಡವ್‌ಆಡ್ಮ್ ಎಕ್ಸ್‌ಪಂಜ್ ಬಳಸಿ. ಟ್ರ್ಯಾಶ್ ಫೋಲ್ಡರಿನಲ್ಲಿ ಮೂವತ್ತು ದಿನ ದಾಟಿದ್ದನ್ನು ತೆಗೆಯಲು ಸೇವ್ಡ್‌ಬಿಫೋರ್ 30ಡಿ ಎಂಬ ಷರತ್ತು ಕೊಡಿ. ಬರೀ ಬಿಫೋರ್ ಕೊಟ್ಟರೆ ಪತ್ರ ಬಂದ ದಿನಾಂಕದ ಲೆಕ್ಕವಾಗುತ್ತದೆ. ಎರಡು ವರ್ಷ ಹಳೆಯ ಪತ್ರವನ್ನು ನಿನ್ನೆ ಕೈತಪ್ಪಿ ಅಳಿಸಿದವರು ಇವತ್ತು ಹುಡುಕಿದರೆ ಸಿಗುವುದಿಲ್ಲ. ಮೊದಲು ಎಕ್ಸ್‌ಪಂಜ್ ಜಾಗದಲ್ಲಿ ಸರ್ಚ್ ಎಂದು ಬರೆದು ಅದೇ ಷರತ್ತಿಗೆ ಏನೇನು ಸಿಗುತ್ತದೆ ನೋಡಿ, ಆಮೇಲೆ ಅಳಿಸಿ. ಎಂಡಿಬಾಕ್ಸ್‌ನಲ್ಲಿ ಎಕ್ಸ್‌ಪಂಜ್ ಆದ ಮೇಲೆ ಪರ್ಜ್ ಕೂಡ ಮಾಡದಿದ್ದರೆ ಒಂದು ಬೈಟೂ ಮರಳುವುದಿಲ್ಲ. ಪ್ರತಿ ಸಲ ಕೈಯಲ್ಲಿ ಮಾಡುವುದೇಕೆ ಎಂದರೆ ಟ್ರ್ಯಾಶ್ ಮತ್ತು ಜಂಕ್‌ಗೆ ಡವ್‌ಕಾಟ್ ಸೆಟ್ಟಿಂಗಿನಲ್ಲೇ ಆಟೊಎಕ್ಸ್‌ಪಂಜ್ = 30ಡಿ ಹಾಕಿಡಬಹುದು, ಬಳಕೆದಾರರಿಗೆ ತಿಳಿಸಿದ ಮೇಲೆ. ಟ್ರ್ಯಾಶ್ ಫೋಲ್ಡರನ್ನು ಕಪಾಟಿನಂತೆ ಬಳಸುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ.

ಕೋಟಾ ಹಾಕುವಾಗ ಒಂದು ಸೆಟ್ಟಿಂಗ್ ಗಮನಿಸಿ. ಕೋಟಾ ತುಂಬಿದವರಿಗೆ ಬರುವ ಪತ್ರವನ್ನು ಡವ್‌ಕಾಟ್ ಖಾಯಂ ದೋಷವೆಂದು ವಾಪಸು ಕಳುಹಿಸುತ್ತದೆ. ಕೋಟಾ ಫುಲ್ ಟೆಂಪ್‌ಫೇಲ್ = ಯೆಸ್ ಎಂದರೆ ತಾತ್ಕಾಲಿಕವಾಗುತ್ತದೆ, ಆದರೆ ಆ ಪತ್ರಗಳು ಪೋಸ್ಟ್‌ಫಿಕ್ಸ್ ಕ್ಯೂನಲ್ಲಿ ಐದು ದಿನ ಕೂತು ಅದೇ ಡಿಸ್ಕನ್ನೇ ತಿನ್ನುತ್ತವೆ. ಸಣ್ಣ ಡಿಸ್ಕಿಗೆ ನಾನು ಖಾಯಂ ನಿರಾಕರಣೆಯನ್ನೇ ಇಷ್ಟಪಡುತ್ತೇನೆ. ಜತೆಗೆ ಶೇಕಡಾ ಎಂಬತ್ತಕ್ಕೆ ಬಳಕೆದಾರರಿಗೊಂದು ಎಚ್ಚರಿಕೆ ಹೋಗಲಿ.

ಕ್ಯೂ

ಮಳೆಗಾಲದಲ್ಲಿ ಲೈನ್ ಕಡಿದು ಎರಡು ದಿನ ನೆಟ್ ಇರದಿದ್ದರೆ ಹೊರಗೆ ಹೋಗಬೇಕಾದ ಪತ್ರಗಳೆಲ್ಲ ಡಿಫರ್ಡ್ (ಮುಂದೂಡಿದ) ಕ್ಯೂನಲ್ಲಿ ಸೇರುತ್ತವೆ. ಅದು ಸಹಜ. ನೆಟ್ ಬಂದ ಮೇಲೆ ತಾನಾಗಿ ಕರಗುತ್ತದೆ. ನೆಟ್ ಚೆನ್ನಾಗಿರುವಾಗಲೇ ಮೈಲ್‌ಕ್ಯೂ ಸಾವಿರಗಟ್ಟಲೆ ತೋರಿಸಿದರೆ ಯಾರದೋ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿದೆ. ಕ್ಯೂಶೇಪ್ ಡಿಫರ್ಡ್ ಎಂದು ಕೊಟ್ಟರೆ ಯಾವ ಡೊಮೈನಿಗೆ ಎಷ್ಟು, ಎಷ್ಟು ಹೊತ್ತಿನಿಂದ ಎಂದು ಕಾಣುತ್ತದೆ. ಮೊದಲು ಆ ಖಾತೆಯ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಪೋಸ್ಟ್‌ಸೂಪರ್ -ಡಿ ಜತೆ ಆ ಕಳುಹಿಸಿದವರ ಕ್ಯೂ ಐಡಿಗಳನ್ನು ಮಾತ್ರ ಕೊಟ್ಟು ತೆಗೆಯಿರಿ. ಪೋಸ್ಟ್‌ಸೂಪರ್ -ಡಿ ಆಲ್ (ಆಲ್ ದೊಡ್ಡಕ್ಷರ) ಎಂದರೆ ಒಳ್ಳೆಯ ಪತ್ರಗಳೂ ಹೋದವು. ಕ್ಯೂ ಫೋಲ್ಡರಿನೊಳಗೆ ಆರ್‌ಎಂ ಮಾಡುವ ಮಾತೇ ಇಲ್ಲ.

ಮೆಮೊರಿಯ ಕಡೆಗೆ

ಫ್ರೀ -ಎಂ ನೋಡುವಾಗ "ಫ್ರೀ" ಕಾಲಂ ನೋಡಿ ಹೆದರಬೇಡಿ. ಲಿನಕ್ಸ್ ಉಳಿದ ರ‍್ಯಾಮನ್ನು ಫೈಲ್ ಕ್ಯಾಶ್‌ಗೆ ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು "ಅವೈಲಬಲ್" ಕಾಲಂ. ಮೆಮೊರಿಗೆಂದು ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್‌ನಲ್ಲಿ ಆರು ನೂರು ಎಂಬಿ ಬಳಕೆಯಾಗಿದೆ ಎಂಬುದೂ ದೋಷವಲ್ಲ. ತಿಂಗಳಿಂದ ಯಾರೂ ಮುಟ್ಟದ ಪುಟಗಳನ್ನು ಅಲ್ಲಿ ಇಟ್ಟಿರಬಹುದು. ವಿಎಂಸ್ಟ್ಯಾಟ್ 1 ಓಡಿಸಿ ಎಸ್‌ಐ, ಎಸ್‌ಓ ಕಾಲಂಗಳನ್ನು ಒಂದು ನಿಮಿಷ ನೋಡಿ. ಎರಡೂ ಸೊನ್ನೆಯಲ್ಲಿ ನಿಂತಿದ್ದರೆ ಸ್ವಾಪ್ ಸುಮ್ಮನೆ ಕೂತಿದೆ. ಸೆಕೆಂಡು ಸೆಕೆಂಡಿಗೂ ದೊಡ್ಡ ಸಂಖ್ಯೆ ಬರುತ್ತಿದ್ದರೆ ರ‍್ಯಾಮ್ ನಿಜಕ್ಕೂ ಸಾಲುತ್ತಿಲ್ಲ. ಟಾಪ್‌ನಲ್ಲಿ ವಿಐಆರ್‌ಟಿ ಕಾಲಂ ನೋಡಿ ಪ್ರೋಗ್ರಾಮನ್ನು ಬೈಯಬೇಡಿ, ಅದು ಕೇಳಿಟ್ಟುಕೊಂಡ ವಿಳಾಸಗಳ ಮೊತ್ತ. ರ‍್ಯಾಮಿನಲ್ಲಿ ಕೂತಿರುವುದು ಆರ್‌ಇಎಸ್.

ಸಣ್ಣ ಮೈಲ್ ಸರ್ವರಿನಲ್ಲಿ ರ‍್ಯಾಮ್ ತಿನ್ನುವವರು ಪೋಸ್ಟ್‌ಫಿಕ್ಸೂ ಅಲ್ಲ, ಡವ್‌ಕಾಟೂ ಅಲ್ಲ. ಕ್ಲ್ಯಾಮ್‌ಎವಿ. ವೈರಸ್ ಗುರುತುಗಳ ಪೂರ್ತಿ ಸಂಗ್ರಹವನ್ನು ಅದು ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಒಂದು ಜಿಬಿಗೂ ಹೆಚ್ಚು ಬೇಕು. ಹೊಸ ಗುರುತುಗಳು ಬಂದಾಗ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಲೋಡ್ ಮಾಡುತ್ತದೆ. ಆ ಕೆಲವು ಕ್ಷಣ ಎರಡು ಪಟ್ಟು. ಆಗಲೇ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಗ್ರಾಮನ್ನು ಕೊಲ್ಲುವ ಕರ್ನಲ್ ಭಾಗ) ಬಂದು ಅದನ್ನು ಮುಗಿಸುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಮೆಮೊರಿ ದೋಷದಂತೆ ಕಾಣುವುದೇ ಇಲ್ಲ: ಮಿಲ್ಟರ್ (ಪತ್ರವನ್ನು ಸ್ಕ್ಯಾನರಿಗೆ ತೋರಿಸುವ ಕೊಂಡಿ) ಉತ್ತರಿಸದ್ದರಿಂದ ಪೋಸ್ಟ್‌ಫಿಕ್ಸ್ "451 4.7.1" ಎಂದು ಎಲ್ಲರನ್ನೂ ಆಮೇಲೆ ಬನ್ನಿ ಎನ್ನುತ್ತದೆ. ದಿನಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೈಲ್ ನಿಲ್ಲುತ್ತದೆ ಎಂಬ ದೂರು ಬಂದರೆ ಹೊಸ ಗುರುತುಗಳನ್ನು ತರುವ ಫ್ರೆಶ್‌ಕ್ಲ್ಯಾಮ್ ಲಾಗಿನ ಸಮಯವನ್ನು ಡಿಮೆಸೇಜ್ ಸಮಯದ ಜತೆ ಹೊಂದಿಸಿ ನೋಡಿ.

ಕ್ಲ್ಯಾಮ್‌ಡಿ (ಕ್ಲ್ಯಾಮ್‌ಎವಿಯ ಸದಾ ಓಡುವ ಭಾಗ) ಸೆಟ್ಟಿಂಗಿನಲ್ಲಿ ಕನ್‌ಕರೆಂಟ್ ಡೇಟಾಬೇಸ್ ರೀಲೋಡ್ ನೋ ಎಂದರೆ ಹಳೆಯದನ್ನು ಬಿಟ್ಟು ಹೊಸದನ್ನು ತುಂಬುತ್ತದೆ. ಅಷ್ಟು ಹೊತ್ತು ಸ್ಕ್ಯಾನ್ ಕಾಯುತ್ತದೆ, ಪತ್ರ ತುಸು ತಡವಾಗುತ್ತದೆ. ಸಣ್ಣ ಆಫೀಸಿಗೆ ಅದು ಲೆಕ್ಕಕ್ಕಿಲ್ಲ. ಜತೆಗೆ ಎರಡು ಜಿಬಿ ಸ್ವಾಪ್ ಫೈಲ್ ಇರಲಿ: ಎಫ್‌ಅಲೋಕೇಟ್ -ಎಲ್ 2ಜಿ (ಜಿ ದೊಡ್ಡಕ್ಷರ), ಸಿಎಚ್‌ಮಾಡ್ 600, ಎಂಕೆಸ್ವಾಪ್, ಸ್ವಾಪ್‌ಆನ್, ಕೊನೆಗೆ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು. ಸ್ವಾಪ್ ಫೈಲ್ ಕೂಡ ಡಿಸ್ಕಿನ ಜಾಗವನ್ನೇ ಹಿಡಿಯುತ್ತದೆ. ತೊಂಬತ್ತೈದು ಶೇಕಡಾ ತುಂಬಿದ ಪಾರ್ಟಿಷನ್ನಿನಲ್ಲಿ ಎರಡು ಜಿಬಿ ಸ್ವಾಪ್ ಮಾಡಿದರೆ ಮೆಮೊರಿ ದೂರು ಹೋಗಿ 452ರ ದೂರು ಬರುತ್ತದೆ.

ಉಲ್ಟಾ ದಾರಿಯೂ ಇದೆ. /ಟಿಎಂಪಿ ಟಿಎಂಪಿಎಫ್‌ಎಸ್ ಆಗಿದ್ದರೆ ಅಲ್ಲಿ ಬರೆದ ಫೈಲುಗಳು ಡಿಸ್ಕಿನಲ್ಲಲ್ಲ, ರ‍್ಯಾಮ್ ಮತ್ತು ಸ್ವಾಪ್‌ನಲ್ಲಿ ಕೂರುತ್ತವೆ. ಡೆಬಿಯನ್ 13ರಿಂದ ಇದೇ ಮೂಲ ವ್ಯವಸ್ಥೆ. ರ‍್ಯಾಮಿನ ಅರ್ಧದವರೆಗೆ ತುಂಬಬಹುದು. ವೈರಸ್ ಸ್ಕ್ಯಾನರ್ ಜಿಪ್ ಫೈಲುಗಳನ್ನು ಬಿಚ್ಚಿ ನೋಡುವುದು ಅಲ್ಲೇ. ಶಾಲಾ ವಾರ್ಷಿಕೋತ್ಸವದ ಫೋಟೊಗಳ ಜಿಪ್ ಹತ್ತು ಜನರಿಗೆ ಒಟ್ಟಿಗೆ ಹೋದಾಗ ಮೆಮೊರಿ ಬಿಗಿಯಾದರೆ ಆಶ್ಚರ್ಯವಿಲ್ಲ. ಫ್ರೀ -ಎಂ ತೋರಿಸುವ "ಶೇರ್ಡ್" ಕಾಲಂನಲ್ಲಿ ಈ ಲೆಕ್ಕ ಸಿಗುತ್ತದೆ. ಸ್ಕ್ಯಾನರಿನ ಟೆಂಪೊರರಿ ಡೈರೆಕ್ಟರಿಯನ್ನು /ವರ್/ಟಿಎಂಪಿಗೆ ಬದಲಿಸಿ, ಅಲ್ಲಿ ಜಾಗ ಇದೆಯೆಂದು ನೋಡಿಕೊಂಡು.

ರ‍್ಯಾಮ್ ಇದ್ದೂ "ಔಟ್ ಆಫ್ ಮೆಮೊರಿ"

ಒಬ್ಬರಿಗೆ ಮಾತ್ರ ಇನ್‌ಬಾಕ್ಸ್ ತೆರೆಯುವುದಿಲ್ಲ, ಉಳಿದವರಿಗೆಲ್ಲ ಸರಿ. ಅವರು ಸಾಮಾನ್ಯವಾಗಿ ಹತ್ತು ವರ್ಷದಿಂದ ಒಂದೂ ಪತ್ರ ಅಳಿಸದವರು. ಡವ್‌ಕಾಟ್ ಲಾಗಿನಲ್ಲಿ "ರಿಟರ್ನ್ಡ್ ಎರರ್ 83, ಔಟ್ ಆಫ್ ಮೆಮೊರಿ" ಎಂದಿದ್ದು, ಪಕ್ಕದಲ್ಲೇ ವಿಎಸ್‌ಝಡ್ ಲಿಮಿಟ್ ಎಷ್ಟಿದೆ, ಹೆಚ್ಚಿಸಬೇಕಾಗಬಹುದು ಎಂದೂ ಬರೆದಿರುತ್ತದೆ. ಡವ್‌ಕಾಟ್ 2.3ರಲ್ಲಿ ಈ ಮಿತಿ ಮೂಲತಃ 256 ಎಂಬಿ. ಇದು ರ‍್ಯಾಮಿನ ಮಿತಿಯಲ್ಲ, ಆ ಒಂದು ಪ್ರೋಸೆಸ್ ಬಳಸಬಹುದಾದ ವರ್ಚುವಲ್ ವಿಳಾಸಗಳ ಮಿತಿ. ದೊಡ್ಡ ಫೋಲ್ಡರಿನ ಡವ್‌ಕಾಟ್ ಇಂಡೆಕ್ಸ್ ಕ್ಯಾಶ್ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿದಾಗ ಅದರ ಪೂರ್ತಿ ಗಾತ್ರ ಈ ಲೆಕ್ಕಕ್ಕೆ ಸೇರುತ್ತದೆ, ಒಂದು ಪುಟ ಓದಿದರೂ ಸರಿ. ಹದಿನಾರು ಜಿಬಿ ರ‍್ಯಾಮ್ ಹಾಕಿಸಿದರೂ ಈ ದೋಷ ಹೋಗುವುದಿಲ್ಲ. ಅಂಗಡಿಯವರಿಗೆ ಲಾಭ ಅಷ್ಟೆ.

ಸರ್ವಿಸ್ ಐಮ್ಯಾಪ್‌ಗೆ ಮಾತ್ರ ವಿಎಸ್‌ಝಡ್ ಲಿಮಿಟನ್ನು 512 ಎಂಬಿಗೆ ಏರಿಸಿ ನೋಡಿ. ಲಾಗಿನಲ್ಲಿ ಎಲ್‌ಎಂಟಿಪಿ (ಬಂದ ಪತ್ರವನ್ನು ಮೈಲ್‌ಬಾಕ್ಸಿಗೆ ಹಾಕುವ ಸರ್ವಿಸ್) ಹೆಸರಿದ್ದರೆ ಅದಕ್ಕೂ. ಎಲ್ಲ ಸರ್ವಿಸುಗಳಿಗೂ ಒಟ್ಟಿಗೆ ಏರಿಸಬೇಡಿ, ಹುಚ್ಚೆದ್ದ ಒಂದು ಪ್ರೋಸೆಸ್ ಇಡೀ ಯಂತ್ರವನ್ನು ಎಳೆದುಕೊಂಡು ಬೀಳದಂತೆ ತಡೆಯುವುದು ಆ ಮಿತಿಯೇ. ಕ್ಯಾಶ್ ಫೈಲ್ ಕೆಟ್ಟಿದೆಯೆಂದು ಅನುಮಾನವಿದ್ದರೆ ಅದೊಂದನ್ನು ಅಳಿಸಬಹುದು, ಡವ್‌ಕಾಟ್ ಮತ್ತೆ ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲಿರುವ, ಪತ್ರಗಳ ಗುರುತಿನ ಸಂಖ್ಯೆ ಬರೆದಿಟ್ಟ ಯುಐಡಿಲಿಸ್ಟ್ ಫೈಲನ್ನು ಮುಟ್ಟಬೇಡಿ; ಅದು ಹೋದರೆ ಬಳಕೆದಾರರ ಮೊಬೈಲು, ಲ್ಯಾಪ್‌ಟಾಪುಗಳು ಎಲ್ಲ ಪತ್ರಗಳನ್ನೂ ಹೊಸದೆಂದು ತಿಳಿದು ಮೊದಲಿನಿಂದ ಇಳಿಸಿಕೊಳ್ಳುತ್ತವೆ.

ಮುಂದಿನ ಸಲಕ್ಕೆ

ಮೈಲ್ ಇರುವ ಪಾರ್ಟಿಷನ್ನಿನಲ್ಲಿ ಒಂದು ಜಿಬಿಯ ಒಂದು ನಿರುಪಯೋಗಿ ಫೈಲ್ ಮಾಡಿಟ್ಟಿರಿ. ಡಿಸ್ಕ್ ತುಂಬಿದ ರಾತ್ರಿ ಅದನ್ನು ಅಳಿಸಿದರೆ ಮೈಲ್ ಓಡಲು ಶುರುವಾಗುತ್ತದೆ, ನಿಮಗೆ ಕಾರಣ ಹುಡುಕಲು ಸಮಯ ಸಿಗುತ್ತದೆ. ಕಾರಣ ಸಿಕ್ಕಿದ ಮೇಲೆ ಮತ್ತೆ ಮಾಡಿಡಿ. /ವರ್/ಲಾಗ್ ಮತ್ತು ಮೈಲನ್ನು ಬೇರೆ ಬೇರೆ ಪಾರ್ಟಿಷನ್ನಿನಲ್ಲಿ ಇಟ್ಟರೆ ಪಾಸ್‌ವರ್ಡ್ ಊಹಿಸುವ ಕಳ್ಳರು ತುಂಬಿಸುವ ಲಾಗಿನಿಂದ ಮೈಲ್ ನಿಲ್ಲುವುದಿಲ್ಲ.

ಬ್ಲಾಕು, ಇನೋಡು ಎರಡಕ್ಕೂ ಶೇಕಡಾ 85 ದಾಟಿದರೆ ಎಚ್ಚರಿಸುವ ಒಂದು ಸಣ್ಣ ಸ್ಕ್ರಿಪ್ಟ್ ಇರಲಿ. ಅವೈಲಬಲ್ ಮೆಮೊರಿ ಮುನ್ನೂರು ಎಂಬಿಗಿಂತ ಇಳಿದರೂ ಹೇಳಲಿ. ಅದು ಏನಾದರೂ ತಪ್ಪಿದಾಗ ಮಾತ್ರ ಮಾತಾಡಬೇಕು, ಇಲ್ಲದಿದ್ದರೆ ರೂಟ್‌ನ ಮೈಲ್‌ಬಾಕ್ಸ್ ಮತ್ತೆ ತುಂಬುತ್ತದೆ. ಮತ್ತು ಆ ಎಚ್ಚರಿಕೆ ಇದೇ ಮೈಲ್ ಸರ್ವರಿನಿಂದ ಹೊರಡಬಾರದು. ಎಸ್‌ಎಂಎಸ್ಸೋ ಟೆಲಿಗ್ರಾಮೋ ಯಾವುದಾದರೂ ಬೇರೆ ದಾರಿ ಕೊಡಿ. ಡಿಸ್ಕ್ ತುಂಬಿದೆ ಎಂಬ ಪತ್ರವನ್ನು ತುಂಬಿದ ಡಿಸ್ಕಿನ ಕ್ಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.